ಸಾಹೇಬ ಕಂಡದ್ದಕ್ಕೆ ಕೊಟ್ಟ ಬಿಲ್ಲೆ

ನಾನು ದುಂಡಸಿಯ ಮನೆಗೆ ಸೊಸೆಯಾಗಿ ಬಂದದ್ದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ತುಸು ಮೊದಲು. ನನ್ನ ಮಾವ ಅದಕ್ಕೂ ಹಿಂದಿನ ಜರ್ಮನ್ ಯುದ್ಧಕ್ಕೆ ಹೋಗಿ ಬಂದವರು. ಹರೆಯದಲ್ಲಿ ಇರಾಕಿನ ಬಸರಾ ಕಡೆ ಕಾದಿದ್ದರು. ಅವರಿಗೆ ಮೂರು ಪದಕಗಳಿದ್ದವು. ಎರಡು ಆ ಯುದ್ಧಕ್ಕೆ ಹೋದ ಎಲ್ಲರಿಗೂ ಬಂದಂಥವು. ಮೂರನೆಯದು ಮಾತ್ರ ಬೇರೆ. ಗುಂಡು ಹಾರುತ್ತಿದ್ದ ಬಯಲಿನಲ್ಲಿ ತೆವಳಿಕೊಂಡು ಹೋಗಿ, ಗಾಯಗೊಂಡು ಬಿದ್ದ ಬಿಳಿಯ ಕ್ಯಾಪ್ಟನ್ನನನ್ನು ಎಳೆದು ತಂದದ್ದಕ್ಕೆ ಕೊಟ್ಟ ಬಹಾದ್ದೂರಿಯ ಪದಕ ಅದು. ಊರಿನವರು ಪದಕ ಅನ್ನುತ್ತಿರಲಿಲ್ಲ, ಬಿಲ್ಲೆ ಅನ್ನುತ್ತಿದ್ದರು.

ವರ್ಷಕ್ಕೊಮ್ಮೆ ಚಕ್ರವರ್ತಿಯ ಹುಟ್ಟುಹಬ್ಬದ ದರಬಾರಿಗೆ ಮಾವನಿಗೆ ಕಚೇರಿಯಿಂದ ಕರೆ ಬರುತ್ತಿತ್ತು. ಹಿಂದಿನ ದಿನ ಅತ್ತೆ ಮನೆಮಂದಿಯ ಲಿಂಗದ ಬೆಳ್ಳಿ ಕರಡಿಗೆಗಳನ್ನೂ ಆ ಬಿಲ್ಲೆಗಳನ್ನೂ ಒಂದೇ ತಾಟಿನಲ್ಲಿಟ್ಟುಕೊಂಡು, ಒದ್ದೆ ವಿಭೂತಿ ಹಚ್ಚಿ ತಿಕ್ಕಿ ಬೆಳಗುತ್ತಿದ್ದರು. ಮರುದಿನ ಮಾವ ಕರಿ ಕೋಟಿನ ಎದೆಗೆ ಅವನ್ನು ಸಿಕ್ಕಿಸಿಕೊಂಡು ಶಿಗ್ಗಾಂವಿಗೆ ಹೋಗುತ್ತಿದ್ದರು. ಅಲ್ಲಿ ಮಾಮಲೇದಾರರ ಸಾಲಿನಲ್ಲೇ ಅವರಿಗೊಂದು ಕುರ್ಚಿ. ಅವರ ತಂದೆ ಮಂದಿಯ ಹೊಲದಲ್ಲಿ ಕೂಲಿ ಮಾಡಿದವರು. ಆ ಹೊಲಗಳ ಒಡೆಯರು ದರಬಾರಿನಲ್ಲಿ ಹಿಂದೆ ನಿಂತಿರುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಅತ್ತೆ. ಮಾವ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನೂ ಸೆರಗು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರ ಬಗ್ಗೆ ನನಗೆ ತಿಳಿದದ್ದೆಲ್ಲ ಆ ಬಾಗಿಲಿನಿಂದ ಕೇಳಿಸಿಕೊಂಡದ್ದು.

ಅವರಿಗೆ ಒಬ್ಬರೇ ಗೆಳೆಯರು, ಸವಣೂರಿನ ಹವಾಲ್ದಾರ್ ಸಾಹೇಬರು. ಅದೇ ಪಲ್ಟನ್ನಿನಲ್ಲಿ ಇದ್ದ ಮುಸಲ್ಮಾನರು. ಬೇಸಿಗೆಯಲ್ಲಿ ಒದ್ದೆ ಬಟ್ಟೆಯಲ್ಲಿ ವೀಳ್ಯದೆಲೆ ಕಟ್ಟಿಕೊಂಡು ಬರುವರು. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಎಲೆ ಹಾಕುವರು. ಯುದ್ಧದ ಕತೆ ಹೇಳುತ್ತಾರೇನೋ ಎಂದು ನಾನು ಕಿವಿಗೊಟ್ಟರೆ, ಅವರ ಮಾತೆಲ್ಲ ಎತ್ತಿನ ಕಾಲುಬೇನೆ, ಮೆಣಸಿನಕಾಯಿಯ ಬೆಳೆ. ಜಗಳವಾಗುತ್ತಿದ್ದದ್ದು ಬಿಲ್ಲೆಗಳ ವಿಷಯಕ್ಕೆ ಮಾತ್ರ. ಹವಾಲ್ದಾರರು ತಮ್ಮವನ್ನು ಎಂದೂ ಹಚ್ಚಿಕೊಂಡವರಲ್ಲ, ದರಬಾರಿಗೆ ಹೋದವರಲ್ಲ.

“ಬಿಲ್ಲೆ ಅಂದ್ರ ಮತ್ತೇನಲ್ಲ ದೋಸ್ತ,” ಅನ್ನುತ್ತಿದ್ದರು. “ಆ ಹೊತ್ತಿನ್ಯಾಗ ಸಾಹೇಬ ಈ ಕಡೆ ಮಾರಿ ಮಾಡಿ ನೋಡಾಕತ್ತಿದ್ದ ಅಂತ ಅರ್ಥ. ಆಂವ ಆ ಕಡೆ ತಿರಗಿದ್ದಂದ್ರ ನೀ ಏನ ಮಾಡಿದ್ರೂ ಯಾರಿಗೂ ಕಾಣಂಗಿಲ್ಲ.”

“ನೀ ಹಚ್ಚಿಕೋಬ್ಯಾಡ,” ಎಂದು ಮಾವ. “ನನಗ ಇದರಿಂದ ನಾಕ ಮಂದಿಯೊಳಗ ಕುಂದರಾಕ ಜಾಗಾ ಸಿಕ್ಕೈತಿ. ಅಷ್ಟ ಸಾಕು.”

ಎರಡನೆಯ ಯುದ್ಧ ಬರ್ಮಾದ ಕಡೆ ತಿರುಗಿದ ಮೇಲೆ ಸೈನ್ಯದ ಭರ್ತಿಯ ಲಾರಿಗಳು ನಮ್ಮ ಸೀಮೆಗೂ ಬಂದವು. ಕಚೇರಿಯಿಂದ ಮಾವನಿಗೆ ಕರೆ ಬಂತು. ಕೋಟು ಹಾಕಿಕೊಂಡು, ಬಿಲ್ಲೆ ಹಚ್ಚಿಕೊಂಡು ಲಾರಿಯ ಮೇಲೆ ಕೂರಬೇಕು. ಮಾತಾಡುವುದು ಬೇಡ, ಕುಳಿತರೆ ಸಾಕು. ಮಾವ ಒಪ್ಪಿದರು. ಅವರಿಗೆ ಸರಕಾರ ಕೊಟ್ಟ ಇನಾಮಿನ ಹೊಲವಿತ್ತು, ಆ ಕುರ್ಚಿಯಿತ್ತು. ಇಲ್ಲ ಅನ್ನುವ ರೂಢಿಯೂ ಅವರಿಗಿರಲಿಲ್ಲ. ಶಿಗ್ಗಾಂವಿ, ಸವಣೂರು, ಹಾನಗಲ್, ತಿಳವಳ್ಳಿ, ಹೀಗೆ ಸಂತೆ ಕೂಡುವಲ್ಲೆಲ್ಲ ಲಾರಿ ನಿಲ್ಲಿಸಿ ಬ್ಯಾಂಡು ಬಾರಿಸುತ್ತಿದ್ದರು. ಭರ್ತಿ ಸಾಹೇಬ ಮಾವನ ಎದೆಯತ್ತ ಕೈಮಾಡಿ ತೋರಿಸುತ್ತಿದ್ದ. ಹುಡುಗರು ಹೆಬ್ಬೆಟ್ಟು ಒತ್ತುತ್ತಿದ್ದರು. ನಮ್ಮೂರಿನಿಂದಲೂ ಏಳೆಂಟು ಮಂದಿ ಹೋದರು. ಆಮೇಲೆ ನಾನು ನೀರಿಗೆ ಹೋದರೆ ಬಾವಿಯ ಹತ್ತಿರ ಮಾತು ನಿಂತುಬಿಡುತ್ತಿತ್ತು. ಆ ಹುಡುಗರ ತಾಯಂದಿರು ನನ್ನ ಕೊಡಕ್ಕೆ ಹಾದಿ ಬಿಟ್ಟು ಮುಖ ತಿರುಗಿಸಿಕೊಳ್ಳುತ್ತಿದ್ದರು.

ಒಂದು ದಿನ ನನ್ನ ಗಂಡ ಹಾನಗಲ್ಲಿಗೆ ಎತ್ತು ನೋಡಿಕೊಂಡು ಬರುತ್ತೇನೆಂದು ಹೋಗಿ, ತಾನೂ ಭರ್ತಿಯಾಗಿ ಬಂದ.

ಸುದ್ದಿ ತಿಳಿದು ಹವಾಲ್ದಾರರು ಮರುದಿನವೇ ಬಂದರು. ಅವರ ತಂಗಿಯ ಮಗ ಕೂಡ ಸವಣೂರಿನಲ್ಲಿ ಅದೇ ಲಾರಿಯ ಮುಂದೆ ಹೆಬ್ಬೆಟ್ಟು ಒತ್ತಿದ್ದ. ಆ ಸಲ ಅವರು ಎಲೆ ತಂದಿರಲಿಲ್ಲ. ಮಾವ ಮತ್ತು ನನ್ನ ಗಂಡ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದರು, ನಾನು ರೊಟ್ಟಿ ಬಡಿಸುತ್ತಿದ್ದೆ. ಹವಾಲ್ದಾರರು ಹೊಸ್ತಿಲಲ್ಲೇ ನಿಂತು ಹೇಳಿದರು: “ನನ್ನ ಅಳಿಯಾಗ ನಾ ಹೇಳೇನಿ. ನಿನ್ನ ಮಗಗ ನೀ ಹೇಳು. ಆ ಬಿಲ್ಲೆ ಹೆಂಗ ಬಂತು, ಖರೇ ಹೇಳು.”

ಮಾವ ತಾಟಿನಲ್ಲೇ ಕೈ ತೊಳೆದುಕೊಂಡರು. ಆಮೇಲೆ ಹೇಳಿದರು. ಕ್ಯಾಪ್ಟನ್ನನನ್ನು ತರಲು ಹೋದವರು ಇಬ್ಬರು: ಒಬ್ಬರು ಮಾವ, ಇನ್ನೊಬ್ಬ ರಟ್ಟೀಹಳ್ಳಿ ಕಡೆಯವನು, ಅವರ ಜೊತೆಗೇ ಭರ್ತಿಯಾದವನು. ಇಬ್ಬರೂ ಸೇರಿ ಎಳೆದು ತಂದರು. ಆ ಬಯಲಿನಲ್ಲಿ ಇನ್ನೂ ಒಬ್ಬ ಬಿದ್ದಿದ್ದ; ಅದೇ ತಿಂಗಳು ಬಂದು ಸೇರಿದ ಸಿಪಾಯಿ, ಎಳೆ ಹುಡುಗ. ನೀರು ನೀರು ಎಂದು ಒದರುತ್ತಿದ್ದ. ರಟ್ಟೀಹಳ್ಳಿಯವನು, ಬಾ, ಅವನನ್ನೂ ತರೋಣ ಅಂದ.

“ನಾ ಹೋಗಲಿಲ್ಲ,” ಅಂದರು ಮಾವ. “ಆಂವ ಒಬ್ಬನ ಹೋದ. ಆ ಹುಡುಗನ ಹಂತ್ಯಾಕ ಮುಟ್ಟಿದ್ದ. ಎರಡು ಗುಂಡು ಬಿದ್ವು. ಅಷ್ಟೊತ್ತಿಗೆ ಕ್ಯಾಪ್ಟನ್ನನ್ನ ಹೊತ್ತುಕೊಂಡು ಹಿಂದ ಹೋಗಿದ್ರು, ಸಾಹೇಬರ ಪೈಕಿ ನೋಡವರು ಯಾರೂ ಇರಲಿಲ್ಲ. ಕತ್ತಲಾದಮ್ಯಾಲ ನಾವು ಹಿಂದಕ್ಕ ಸರದ್ವಿ. ಹೆಣಾ ಸಿಗಲಿಲ್ಲ, ಪತ್ತೆ ಇಲ್ಲ ಅಂತ ಬರಕೊಂಡ್ರು. ನೀ ನೋಡಿದೇನು ಅಂತ ನನ್ನ ಕೇಳಿದ್ರು. ನೋಡಿಲ್ಲ ಅಂದ್ನಿ. ನೋಡೇನಿ ಅಂದಿದ್ರ, ನೀ ಯಾಕ ಹೋಗಲಿಲ್ಲ ಅಂತ ಕೇಳತಿದ್ರು.”

ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಆ ಬಿಲ್ಲೆ ತಿಕ್ಕಿದವರು ಅವರು. ಅವರಿಗೂ ಇದು ಅಂದೇ ತಿಳಿದದ್ದು.

ನನ್ನ ಗಂಡ ಹೇಳಿದ: “ಅಪ್ಪಾ, ನಾ ಬಿಲ್ಲೆ ಸಲುವಾಗಿ ಹೊಂಟಿಲ್ರಿ. ನೀವು ಲಾರಿ ಮ್ಯಾಲ ಕುಂತ್ರಿ, ಊರ ಹುಡುಗ್ರು ಹೋದ್ರು. ಅವರ ಅವ್ವಗಳು ಬಾವಿ ಹಂತ್ಯಾಕ ಇಕಿ ಮಾರಿ ನೋಡಂಗಿಲ್ಲ. ಮಂದಿ ಮಕ್ಕಳ್ನ ಕಳಿಸಿ ತನ್ನ ಮಗನ್ನ ಮನ್ಯಾಗ ಇಟಗೊಂಡ ಅಂತ ನಿಮ್ಮನ್ನ ಅನ್ನಬಾರದು.”

ಹವಾಲ್ದಾರರು ಹೊಸ್ತಿಲಲ್ಲೇ ಕುಳಿತುಕೊಂಡರು.

ನನ್ನ ಗಂಡನಿಗೆ ಲಾರಿ ನಡೆಸುವುದನ್ನು ಕಲಿಸಿ ಬರ್ಮಾದ ಗಡಿಗೆ ಕಳಿಸಿದರು. ಹವಾಲ್ದಾರರ ಅಳಿಯನೂ ಅದೇ ತುಕಡಿಯಲ್ಲಿದ್ದ. ಎರಡನೆಯ ಮಳೆಗಾಲದಲ್ಲಿ ತಂತಿ ಬಂತು. ಸಾಲಿ ಮಾಸ್ತರರು ಓದಿ ಹೇಳಿದರು: ಯುದ್ಧರಂಗದಲ್ಲಿ ಮರಣ. ನನಗೆ ಮಕ್ಕಳಾಗಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತಾರೆ. ಇಲ್ಲಿ ದೇಹವೇ ಇಲ್ಲ. ಅತ್ತೆ ಅತ್ತದ್ದು ಕಡಿಮೆ, ಕೇಳಿದ್ದು ಒಂದೇ ಮಾತು: “ಲಿಂಗ ಮೈಮ್ಯಾಲ ಇತ್ತೋ ಇಲ್ಲೋ?” ಬಂದ ಸ್ವಾಮಿಗಳನ್ನು ಕೇಳಿದರು, ಮಾಸ್ತರರನ್ನು ಕೇಳಿದರು, ತಂತಿ ತಂದ ಟಪಾಲಿನವನನ್ನೂ ಕೇಳಿದರು.

ಯುದ್ಧ ಮುಗಿದು ಹವಾಲ್ದಾರರ ಅಳಿಯ ತಿರುಗಿ ಬಂದ ಮೇಲೆಯೇ ಅದಕ್ಕೆ ಉತ್ತರ ಸಿಕ್ಕಿತು. ಅವನು ನಮ್ಮ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕುಳಿತು ಹೇಳಿದ: “ಗುಂಡಿಲ್ಲ, ಬಾಂಬಿಲ್ರಿ. ಭೇದಿ ಹತ್ತಿತ್ತು. ಮಳಿಯಾಗ ರಸ್ತಾ ಕೊಚ್ಚಿ ಹೋಗಿ ಲಾರಿ ನಿಂತಿದ್ವು. ಲಾರಿ ಮ್ಯಾಲಿನ ತಾಡಪತ್ರಿ ಕೆಳಗ ಮಲಗಿಸಿದ್ವಿ. ಮೂರನೇ ದಿನ ಹೋದ. ಕರಡಿಗಿ ಎಲ್ಲೋ ಬಿದ್ದು ಹೋಗಿತ್ತು. ಲಿಂಗ ಅರಿವ್ಯಾಗ ಕಟಗೊಂಡಿದ್ದ. ಹೆಂಗ ಮಾಡಬೇಕಂತ ನನಗ ಮೊದಲ ಹೇಳಿಟ್ಟಿದ್ದ. ಕೈಯಾಗ ಇಟ್ಟ ಮಣ್ಣ ಕೊಟ್ಟೇನ್ರಿ ಅವ್ವಾ. ಕೂಡಿಸಾಕ ಆಗಲಿಲ್ಲ, ತಗ್ಗಿನ್ಯಾಗ ನೀರ ಬರಾಕತ್ತಿತ್ತು.”

ಅತ್ತೆ ಎದ್ದು ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

ಇದಾಗಿ ಎರಡು ಮೂರು ವರ್ಷಕ್ಕೆ, ಸ್ವಾತಂತ್ರ್ಯವೂ ಬಂದ ಮೇಲೆ, ಟಪಾಲಿನಲ್ಲಿ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಬಂತು. ಒಳಗೆ ನನ್ನ ಗಂಡನ ಬಿಲ್ಲೆಗಳು, ಕಾಗದದಲ್ಲಿ ಸುತ್ತಿದ ಬಣ್ಣದ ಪಟ್ಟಿಗಳು. ಆ ಹೊತ್ತಿಗೆ ಮಾವನಿಗೆ ಕಚೇರಿಯಿಂದ ಕರೆ ಬರುವುದು ನಿಂತಿತ್ತು. ಅವರ ಕುರ್ಚಿಯಲ್ಲಿ ಈಗ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು ಕೂರುತ್ತಿದ್ದರು. ಪೆಟ್ಟಿಗೆ ಬಂದ ದಿನ ಹವಾಲ್ದಾರರ ಅಳಿಯನೂ ಮನೆಯಲ್ಲಿದ್ದ.

ಮಾವ ಒಂದು ಬಿಲ್ಲೆಯನ್ನು ಕೈಯಲ್ಲಿ ತೂಗಿ ನೋಡಿ, “ಇದು ಬೆಳ್ಳಿ ಅಲ್ಲ,” ಅಂದರು.

“ನನಗೂ ಬಂದಾವ್ರಿ ಇಂಥವ,” ಅಂದ ಅಳಿಯ. “ಅಡಗಿ ಮಾಡಾವಗೂ ಬಂದಾವು. ಬ್ಯಾನಿ ಅಂತ ನೆಪಾ ಹೇಳಿ ಹಿಂದ ಉಳದಾವಗೂ ಬಂದಾವು. ಯಾರ ಏನ ಮಾಡಿದ್ರು ಅಂತ ಅದಕ್ಕೇನ ಗೊತ್ತಿರತೈತ್ರಿ?”

ಮಾರನೆಯ ಬೆಳಿಗ್ಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. ನನ್ನೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

“ರಟ್ಟೀಹಳ್ಳಿ ಕಡೆ ಹೋಗಿ ಬರೂಣು. ಅಲ್ಲಿ ನನ್ನ ಜೋಡಿ ಇದ್ದಾವನ ಹೇಂತಿ ಇನ್ನೂ ಇದ್ದಾಳಂತ. ಹೆಣಮಗಳ ಮುಂದ ನಾ ಒಬ್ಬಾವ ಹೋಗಿ ಹೆಂಗ ಹೇಳ್ಲಿ. ನೀ ಬಾ.”

ಆ ಸೀಮೆಗೆ ಅವರು ಮೂವತ್ತು ವರ್ಷ ಕಾಲಿಟ್ಟಿರಲಿಲ್ಲ. ದನದ ಸಂತೆಗೆ ಹೋಗಬೇಕಾಗಿ ಬಂದರೂ ಬೇರೆಯವರನ್ನು ಕಳಿಸುತ್ತಿದ್ದರು. ಬಸ್ಸು ಬದಲಿಸಿ ರಟ್ಟೀಹಳ್ಳಿಯಲ್ಲಿ ಇಳಿದು, ಅಲ್ಲಿಂದ ಚಕ್ಕಡಿಯಲ್ಲಿ ಆ ಹಳ್ಳಿ ಮುಟ್ಟಿದೆವು. ಮನೆಯ ಮುಂದೆ ಐವತ್ತರ ಆಸುಪಾಸಿನ ಹೆಂಗಸು ಜೋಳ ಹಸನು ಮಾಡುತ್ತಿದ್ದರು. ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಮಾವ ಅಂಗಳದಲ್ಲೇ ನಿಂತುಬಿಟ್ಟರು. ಇದನ್ನು ಅವರು ಎಣಿಸಿರಲಿಲ್ಲ. ನಾನು ಹಿಂದಿನಿಂದ ಮೆಲ್ಲಗೆ, “ಮಾವಾರ, ಬ್ಯಾಡ್ರಿ, ಹೋಗೂಣ್ರಿ,” ಅಂದೆ. ಆದರೆ ಆಕೆ ಆಗಲೇ ಕಂಬಳಿ ಹಾಸಿ, “ಬರ್ರಿ, ಕುಂದರ್ರಿ, ಯಾವೂರು,” ಎಂದು ಕೇಳುತ್ತಿದ್ದರು.

ಮಾವ ಹೇಳಿದರು. ಮಗನ ಮುಂದೆ ಹೇಳಿದ್ದನ್ನೇ, ಏನೂ ಬಿಡದೆ ಹೇಳಿದರು.

ಆಕೆ ಮೊರವನ್ನು ಕೆಳಗಿಟ್ಟರು. “ಪತ್ತೆ ಇಲ್ಲಂದ್ರ ಪತ್ತೆ ಹತ್ತಬಹುದು ಅಂತ ಇದ್ನಿ,” ಅಂದರು. “ನಿಮ್ಮ ಕಣ್ಣಲೆ ನೋಡೀರಿ?”

“ನೋಡೇನ್ರಿ ತಾಯಿ.”

“ಮತ್ತ ಏಳಲಿಲ್ಲ?”

“ಏಳಲಿಲ್ರಿ.”

“ನೀವ್ಯಾಕ ಹೋಗಲಿಲ್ಲ?”

“ಅಂಜಿದ್ನ್ರಿ.”

ಆಕೆ ಎದ್ದು ಒಳಗೆ ಹೋದರು. ಒಳಗಿನಿಂದ ಬಳೆಗಳನ್ನು ಗೋಡೆಗೆ ಬಡಿದ ಸದ್ದು ಕೇಳಿತು. ಅಳುವ ದನಿಯಿಲ್ಲ. ನಾನು ಎದ್ದು ಒಳಗೆ ಹೋಗಬೇಕೆಂದುಕೊಂಡೆ. ನನ್ನ ಬಳೆ ಒಡೆದಾಗ ಯಾರೂ ಹತ್ತಿರ ಬರಬಾರದು ಅನ್ನಿಸಿದ್ದು ನೆನಪಾಗಿ ಕುಳಿತಲ್ಲೇ ಕುಳಿತೆ. ಆಕೆ ಬರಿ ಹಣೆಯಲ್ಲಿ ಹೊರಗೆ ಬಂದು ನಮಗೆ ಕುಡಿಯಲು ನೀರಿಟ್ಟರು. ಮಣಿಕಟ್ಟಿನ ಹತ್ತಿರ ತುಸು ರಕ್ತ ಬಂದಿತ್ತು.

ಮಾವ ಬಹಾದ್ದೂರಿಯ ಬಿಲ್ಲೆಯನ್ನು ಕರವಸ್ತ್ರದಿಂದ ಬಿಚ್ಚಿ ಆಕೆಯ ಮುಂದೆ ಇಟ್ಟರು. “ಇದು ಅವಂದ್ರಿ. ಇಟಗೋರಿ,” ಅಂದರು.

ಆಕೆ ಅದನ್ನು ಮುಟ್ಟಲಿಲ್ಲ. “ಸಾಹೇಬನ್ನ ತಂದದ್ದಕ್ಕ ಕೊಟ್ಟಾರಲ್ರಿ ಇದನ್ನ? ನನ್ನ ಗಂಡ ಸತ್ತದ್ದು ಆ ಹುಡುಗನ್ನ ತರಾಕ ಹೋಗಿ. ಆ ಹುಡುಗ ಯಾರ ಮಗರಿ? ಅವನ ಅವ್ವಗ ಹೇಳೀರಿ?”

“ಇಲ್ರಿ. ಆಂವ ಯಾವೂರಾವ ಅಂತ ನನಗ ಗೊತ್ತಿಲ್ರಿ.”

“ಆಕೀನೂ ಹಾದಿ ನೋಡತಿರಬೇಕು,” ಅಂದರು ಆಕೆ. ಆಮೇಲೆ, ದೂರದಿಂದ ಬಂದಿದ್ದೀರಿ, ನೆರೆಮನೆಯಿಂದ ರೊಟ್ಟಿ ತರಿಸುತ್ತೇನೆ, ಉಂಡು ಹೋಗಿರಿ ಅಂದರು. ನಾವು ಉಣ್ಣಲಿಲ್ಲ; ಮಾವ ಬಿಲ್ಲೆಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಎದ್ದರು.

ಆ ಬೇಸಿಗೆ ಹವಾಲ್ದಾರರು ಬಂದಾಗ ಮಾವ ಅವರನ್ನು ಎಲೆಯ ಕಟ್ಟು ಬಿಚ್ಚಲೂ ಬಿಡಲಿಲ್ಲ. ಆ ಹುಡುಗ ಯಾವ ಊರು, ಏನು ಹೆಸರು ಎಂದು ಕೇಳತೊಡಗಿದರು. ಹವಾಲ್ದಾರರು ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಂಡರು. ರತ್ನಾಗಿರಿ ಕಡೆಯವನಿರಬೇಕು, ಕೊಂಕಣದ ಮಾತಿತ್ತು, ಮುಂದಿನ ಹಲ್ಲು ಮುರಿದಿತ್ತು. ಅಲ್ಲ, ಹಲ್ಲು ಮುರಿದವನು ಬೇರೆ, ಅಂದರು ಮಾವ. ದಿನವೆಲ್ಲ ಇಬ್ಬರೂ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತ ಕುಳಿತರು. ನಾನು ಎರಡು ಸಲ ಊಟಕ್ಕೆ ಕರೆದೆ. ಆ ಹುಡುಗನ ಹೆಸರು ಅಂದೂ ಬರಲಿಲ್ಲ, ಮುಂದಿನ ಬೇಸಿಗೆಯಲ್ಲೂ ಬರಲಿಲ್ಲ.