ತಿಳಿನೀರಿಗೆ ಕಾದವನು

ನಮ್ಮ ಓಣಿಯಲ್ಲಿ ಅವನನ್ನು ಎಲ್ಲರೂ ನಿಧಾನಣ್ಣ ಎಂದೇ ಕರೆಯುತ್ತಿದ್ದರು. ಚಪ್ಪಲಿ ಮೆಟ್ಟುವುದಕ್ಕೂ ಅವನಿಗೆ ಸಾವಕಾಶ ಬೇಕು. "ಇವರು ಹೊರಡೋದರೊಳಗೆ ದಾರಿಯೇ ಬೇಸತ್ತು ಎದ್ದು ಹೋಗಿರುತ್ತೆ" ಎಂದು ಅವನ ಹೆಂಡತಿ ನಗುತ್ತಿದ್ದಳು. ಅವಳನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಸಂಬಂಧವೇನೂ ಇರಲಿಲ್ಲ, ಎರಡು ಮನೆಗೂ ಗೋಡೆ ಒಂದೇ ಇತ್ತು, ಅಷ್ಟೆ. ಆ ಕಡೆ ಯಾರಾದರೂ ಕೆಮ್ಮಿದರೆ ಈ ಕಡೆ ನನಗೆ ಎಚ್ಚರವಾಗುತ್ತಿತ್ತು.

ಅವನು ಪ್ರವಾಸದ ಕಂಪನಿಯೊಂದರಲ್ಲಿ ದೋಣಿ ನಡೆಸುವವನು. ಹಿಮ ಬೀಳುವ ಊರುಗಳ ಜನ ಚಳಿಗಾಲದ ರಜೆಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಮ್ಮ ಬೆಚ್ಚಗಿನ ಕಡಲಿಗೆ ಬರುತ್ತಾರೆ. ಮರಳಿನ ಮೇಲೆ ಸುಮ್ಮನೆ ಬಿದ್ದುಕೊಂಡಿರಲು ಬರುವವರಲ್ಲ. ಅವರಿಗೆ ಸಾಹಸ ಬೇಕು. ಗುಡ್ಡದಿಂದ ಗುಡ್ಡಕ್ಕೆ ತಂತಿ ಹಿಡಿದು ಜಾರಬೇಕು, ಕಡಲ ಗುಹೆಯೊಳಗೆ ತಾವೇ ಹುಟ್ಟು ಹಾಕಿಕೊಂಡು ನುಗ್ಗಬೇಕು, ಅಲೆಯ ಮೇಲೆ ಹಲಗೆ ಇಟ್ಟು ನಿಂತು ಬೀಳಬೇಕು. ನಿಧಾನಣ್ಣನ ಪಾಲಿಗೆ ಬಂದದ್ದು ಹವಳದ ಬಂಡೆ. ಅಲ್ಲಿಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಉಸಿರಾಡುವ ನಳಿಗೆ ಕೊಟ್ಟು, ಮಕ್ಕಳನ್ನು ಅಂಗಾತ ಅಲ್ಲ, ಬೋರಲು ತೇಲಿಸುತ್ತಿದ್ದ. ಕೆಳಗೆ ಬಣ್ಣ ಬಣ್ಣದ ಮೀನು. ನೀರಿನಿಂದ ತಲೆ ಎತ್ತಿದ ಮಗು ಮೊದಲು ಕಿರುಚುತ್ತದೆ, ಆಮೇಲೆ ಅಮ್ಮನನ್ನು ಕರೆಯುತ್ತದೆ. ಅದನ್ನು ಅವನು ಎಷ್ಟು ಸಲ ನೋಡಿದ್ದನೋ.

ಆ ಮುಖವಾಡಗಳೆಲ್ಲ ಸಂಜೆ ಚೀಲದಲ್ಲಿ ಅವನ ಮನೆಗೆ ಬರುತ್ತಿದ್ದವು. ಉಪ್ಪು ನೀರು ಒಣಗಿದರೆ ಗಾಜು ಮಬ್ಬಾಗುತ್ತದೆ, ರಬ್ಬರು ಬಿರಿಯುತ್ತದೆ. ಅತ್ತಿಗೆ ಅವನ್ನು ಒಂದೊಂದಾಗಿ ಸಿಹಿನೀರಿನಲ್ಲಿ ಅದ್ದಿ, ಬೆರಳಿನಿಂದ ಉಜ್ಜಿ, ಹಿತ್ತಲಿನ ಹಗ್ಗಕ್ಕೆ ಸಿಕ್ಕಿಸುತ್ತಿದ್ದಳು. ಬಟ್ಟೆ ಒಣಗಿಸಲು ಹೋದ ನನಗೆ ಅಷ್ಟೂ ಖಾಲಿ ಕಣ್ಣುಗಳು ನನ್ನನ್ನೇ ನೋಡುತ್ತಿರುವ ಹಾಗೆ ಅನ್ನಿಸುತ್ತಿತ್ತು. ಅವಳು ಮಾತ್ರ ಒಮ್ಮೆಯೂ ಬಂಡೆಯ ಹತ್ತಿರ ಹೋದವಳಲ್ಲ. ನೀರೆಂದರೆ ಭಯ. "ನನ್ನ ಕಡಲು ಈ ಬಕೆಟ್ಟು, ಸಾಕು" ಎನ್ನುತ್ತಿದ್ದಳು.

ಭಯ ಹೋದದ್ದು ಕಾಯಿಲೆ ಬಂದ ಮೇಲೆ. ಎದೆಯ ರೋಗ. ಒಣಗಿದ ಸ್ಪಂಜಿನ ಹಾಗೆ ಶ್ವಾಸಕೋಶ ಗಟ್ಟಿಯಾಗುತ್ತಿದೆ ಎಂದು ಡಾಕ್ಟರು ಹೇಳಿದರಂತೆ. ಗಂಡ ಔಷಧದ ವಿಷಯ ಕೇಳುತ್ತಿದ್ದರೆ ಇವಳು ನಡುವೆ ಬಾಯಿ ಹಾಕಿದಳು.

"ಡಾಕ್ಟ್ರೇ, ನೀರಿಗೆ ಮುಖ ಇಟ್ಟು ನಳಿಗೆಯಲ್ಲಿ ಉಸಿರಾಡಬಹುದಾ?"

ಅವರು ಪೆನ್ನು ಕೆಳಗಿಟ್ಟು ಇವಳನ್ನೇ ನೋಡಿದರಂತೆ. "ಈಗಾದರೆ ಸ್ವಲ್ಪ ಹೊತ್ತು ಆಡಬಹುದು, ನಿಂತ ನೀರಿನಲ್ಲಿ. ಬೇಸಿಗೆಯ ಹೊತ್ತಿಗೆ ಇಷ್ಟು ಉಸಿರೂ ಇರಲ್ಲ, ಆಗ ಈ ಪ್ರಶ್ನೆ ಕೇಳಬೇಡಿ."

ಮನೆಗೆ ಬಂದವಳೇ ಗೋಡೆಯಾಚೆಯಿಂದ ನನ್ನನ್ನು ಕೂಗಿ ಹೇಳಿದಳು. "ಕೇಳಿದೆಯೇನೇ? ನಾನೂ ಪ್ರವಾಸಿ! ಮುಳುಗಿ ಮೀನು ನೋಡಿ ಬರ್ತೀನಿ. ಆ ಮಕ್ಕಳೆಲ್ಲ ಕಿರುಚೋದು ಯಾತಕ್ಕೆ ಅಂತ ನೋಡೇಬಿಡ್ತೀನಿ."

ನಿಧಾನಣ್ಣ ಒಪ್ಪಿದ. ಆದರೆ ಅವನ ಒಪ್ಪಿಗೆ ಹೇಗಿರುತ್ತದೆಂದು ಗೊತ್ತಲ್ಲ. ಅಲೆ ಸ್ವಲ್ಪ ಎದ್ದರೂ ನಳಿಗೆಯೊಳಗೆ ನೀರು ನುಗ್ಗುತ್ತದೆ. ಆರೋಗ್ಯವಾಗಿರುವವರು ಊದಿ ಹೊರಗೆ ಹಾಕುತ್ತಾರೆ, ಇವಳಿಗೆ ಊದಲು ಉಸಿರೆಲ್ಲಿದೆ? ಅದಕ್ಕೆ ಕನ್ನಡಿಯಂಥ ನೀರೇ ಬೇಕು ಎಂದು ಹಟ ಹಿಡಿದ. ನೀರು ನೋಡುವುದಕ್ಕೆ ಅವನದೊಂದು ರೀತಿ ಇತ್ತು. ಅಡುಗೆಮನೆಯ ಹಳೆಯ ಬಿಳಿ ತಟ್ಟೆಗೆ ದಾರ ಕಟ್ಟಿ ದೋಣಿಯಿಂದ ಇಳಿಸುವನು. ತಟ್ಟೆ ಎಷ್ಟು ಆಳಕ್ಕೆ ಹೋದ ಮೇಲೆ ಕಣ್ಮರೆಯಾಗುತ್ತದೋ ಅಷ್ಟು ತಿಳಿ. ಪ್ರತಿದಿನ ಕೆಲಸದಿಂದ ಬಂದವನ ಮುಖವನ್ನು ಅವಳು ನೋಡುವಳು, ಅವನು ತಲೆ ಅಲ್ಲಾಡಿಸುವನು.

"ಇವತ್ತೂ ತಟ್ಟೆ ಬೇಡ ಅಂತಾ?"

"ನಾಳೆ ನೋಡೋಣ."

ಅವರ ಒಬ್ಬಳೇ ಮಗಳು ಅದೇ ಕಂಪನಿಯ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದಳು. ಒಂದು ದಿನ ಅವಳಿಗೆ ತಾಳ್ಮೆ ಕೆಟ್ಟಿತು. "ಅಪ್ಪಾ, ಇವತ್ತಿನ ನೀರಲ್ಲೇ ನೀವು ಎರಡು ಸಂಸಾರ ಇಳಿಸಿ ಬಂದಿರಿ. ಅದರಲ್ಲಿ ಒಬ್ಬಳು ಅಜ್ಜಿ ಕೂಡ ಇದ್ದಳು. ಅಮ್ಮನಿಗೆ ಮಾತ್ರ ಯಾಕಾಗಲ್ಲ?"

"ಅವರಿಗೆ ನೀರು ಕುಡಿದರೆ ತಮಾಷೆ. ಇವಳಿಗೆ?"

"ಕಾಯ್ತಾ ಕೂತರೆ?"

ಅತ್ತಿಗೆಯೇ ಗಂಡನ ಪರ ವಹಿಸಿದಳು. "ಬಿಡೇ. ಮದುವೆಗೆ ಒಪ್ಪೋದಕ್ಕೂ ಹೀಗೇ ಸತಾಯಿಸಿದರು ನಿಮ್ಮಪ್ಪ. ಕೊನೆಗೆ ಒಪ್ಪಲಿಲ್ವಾ?"

ಆ ನೀರು ಬಂತು. ರಜೆಯ ಕಾಲದ ನಡುವೆ ಒಂದು ಬೆಳಿಗ್ಗೆ ಗಾಳಿ ಸತ್ತೇ ಹೋದ ಹಾಗೆ ನಿಂತಿತ್ತು. ತಟ್ಟೆ ದಾರ ಮುಗಿಯುವವರೆಗೂ ಇಳಿಯಿತು, ಆಗಲೂ ಕಾಣುತ್ತಿತ್ತು. ನಿಧಾನಣ್ಣ ಅಂದು ಓಡಿದ್ದನ್ನು ಓಣಿಯವರು ಈಗಲೂ ಹೇಳುತ್ತಾರೆ. ರಜೆ ಕೇಳಲು ಮಾಲೀಕನ ಬಳಿಗೆ ಓಡಿದ್ದು. ದೋಣಿಕಟ್ಟೆಯಲ್ಲಿ ಆಗಲೇ ಒಂದು ಸಂಸಾರ ಸಿದ್ಧವಾಗಿ ನಿಂತಿತ್ತು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅದು ಅವರ ಕೊನೆಯ ದಿನ, ಸಂಜೆಗೆ ವಿಮಾನ. ವಾರವೆಲ್ಲ ನೀರು ಕದಡಿದ್ದರಿಂದ ಅವರಿಗೆ ಬಂಡೆ ನೋಡಲು ಆಗಿರಲಿಲ್ಲ. ಚಿಕ್ಕವಳು ಆಗಲೇ ಮುಖವಾಡ ಹಾಕಿಕೊಂಡು, ಉಸಿರಿನಿಂದ ಗಾಜು ಮಸುಕಾಗಿಸಿಕೊಂಡು, ನಿಧಾನಣ್ಣನ ಕೈ ಹಿಡಿದುಕೊಂಡಳಂತೆ.

ಮಾಲೀಕ ಕೆಟ್ಟವನಲ್ಲ. "ನೀನೇ ಹೇಳು, ಏನು ಮಾಡೋಣ" ಎಂದ.

ನಿಧಾನಣ್ಣ ಆಕಾಶ ನೋಡಿದ. ಇಂಥ ನೀರು ಒಮ್ಮೆ ಬಂದರೆ ಮರುದಿನವೂ ನಿಲ್ಲುತ್ತದೆ. ಅವನಪ್ಪ ದೋಣಿಯವನು, ಅಜ್ಜನೂ ದೋಣಿಯವನು, ಇದು ಮೂರು ತಲೆಯ ತಿಳಿವಳಿಕೆ. ನಾಳೆ ಇವಳನ್ನು ಕರೆತರುತ್ತೇನೆ, ಬೆಳಗಿನಿಂದ ನಮ್ಮದೇ ದಿನ ಎಂದುಕೊಂಡು ಆ ಮಕ್ಕಳನ್ನು ಹತ್ತಿಸಿಕೊಂಡ. ಕಡಲ ವಿಷಯ ಏನೂ ಗೊತ್ತಿಲ್ಲದ ನನ್ನಂಥವಳಾಗಿದ್ದರೆ ಅವರನ್ನು ಬಿಟ್ಟು ಹೆಂಡತಿಯನ್ನೇ ಕರೆದುಕೊಂಡು ಹೋಗುತ್ತಿದ್ದೆ. ಗೊತ್ತಿದ್ದದ್ದರಿಂದ ಅವನು ಮೋಸ ಹೋದ.

ಮಧ್ಯಾಹ್ನ ಬಂದವನು ಹಿತ್ತಲಿನಲ್ಲೇ ಊಟಕ್ಕೆ ಕೂತು ನಮ್ಮಿಬ್ಬರಿಗೂ ನಾಳೆಯ ಸುದ್ದಿ ಹೇಳಿದ. ಅತ್ತಿಗೆ ಪೆಟ್ಟಿಗೆಯಿಂದ ಮಗಳ ಹಳೆಯ ಈಜುಡುಗೆ ತೆಗೆದು ಸೀರೆಯ ಮೇಲೇ ಹಿಡಿದು ತೋರಿಸಿ, "ಮೀನುಗಳು ಹೆದರಿ ಊರು ಬಿಡ್ತವೆ" ಎಂದು ನಕ್ಕಳು. ನಕ್ಕದ್ದಕ್ಕೇ ಕೆಮ್ಮು ಹತ್ತಿ ಗೋಡೆ ಹಿಡಿದು ಕೂತಳು. ನಾವು ಮೂವರೂ ಹಿತ್ತಲಿನಲ್ಲಿರುವಾಗಲೇ ಹಗ್ಗದ ಮೇಲಿನ ಬಟ್ಟೆ ಒಂದು ಸಲ ಪಟಪಟ ಎಂದಿತು. ನಿಧಾನಣ್ಣನ ತುತ್ತು ಕೈಯಲ್ಲೇ ನಿಂತಿತು. ಗಾಳಿ ತಿರುಗಿ ತೆಂಕಣದಿಂದ ಬೀಸತೊಡಗಿತ್ತು, ಕಡಲನ್ನು ಕದಡುವ ಗಾಳಿ.

ಆಮೇಲೆ ಬಹಳ ದಿನ ನೀರು ತಿಳಿಯಾಗಲಿಲ್ಲ. ಅತ್ತಿಗೆಯ ಉಸಿರು ಅಷ್ಟು ದಿನ ಕಾಯಲಿಲ್ಲ. ಮೊದಲು ಮೆಟ್ಟಿಲು ನಿಂತಿತು, ಆಮೇಲೆ ಹಿತ್ತಲು, ಆಮೇಲೆ ಒಂದು ವಾಕ್ಯವನ್ನು ಪೂರ್ತಿ ಹೇಳುವುದು. ಮುಖವಾಡ ತೊಳೆಯುವ ಕೆಲಸ ನನ್ನ ಕೈಗೆ ಬಂತು. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿಕೊಂಡು ಮಲಗಿದವಳು ಅದನ್ನು ಮುಟ್ಟಿ, "ಅಂತೂ... ನಳಿಗೆ... ಹಾಕಿಸಿಯೇ ಬಿಟ್ರು" ಎಂದಳು. ನನಗೆ ನಗಲಾಗಲಿಲ್ಲ.

ನಿಧಾನಣ್ಣ ಮರದ ಪೆಟ್ಟಿಗೆಯೊಂದರ ತಳ ಕಿತ್ತು ಗಾಜು ಕೂರಿಸಿದ. ಅದನ್ನು ನೀರಿನ ಮೇಲೆ ಇಟ್ಟು ಬಗ್ಗಿ ನೋಡಿದರೆ ಒಳಗಿನದು ಕಾಣುತ್ತದೆ, ನಳಿಗೆ ಬೇಕಿಲ್ಲ. ಮಗಳು ಸಿಲಿಂಡರು ಹಿಡಿದುಕೊಂಡಳು, ಅವನು ಹೆಂಡತಿಯನ್ನು ಎತ್ತಿಕೊಂಡ, ನಾನು ದಿಂಬು ತಂದೆ, ನಾಲ್ವರೂ ದೋಣಿ ಹತ್ತಿದೆವು. ಆ ದಿನ ಅವನು ತಟ್ಟೆ ಇಳಿಸಲೇ ಇಲ್ಲ. ನೀರು ಕಲಸಿದ ಹಿಟ್ಟಿನ ಬಣ್ಣಕ್ಕಿತ್ತು. ಬಂಡೆಯ ಮೇಲೆ ದೋಣಿ ನಿಲ್ಲಿಸಿ, ಪೆಟ್ಟಿಗೆ ಹಿಡಿದು, ಅವಳ ತಲೆಯನ್ನು ಮೆಲ್ಲಗೆ ಬಗ್ಗಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಕಂಡವು" ಎಂದಳು. "ಹಳದಿ ಪಟ್ಟೆ... ಒಂದು ಗುಂಪು. ಅಯ್ಯೋ... ಎಷ್ಟು ಚಿಕ್ಕವು."

"ಹೌದು. ಅವು ಅಲ್ಲೇ ಇರ್ತವೆ" ಎಂದ ಅವನು.

ನಾನೂ ಬಗ್ಗಿ ನೋಡಿದ್ದೆ. ಗಾಜಿನಡಿ ಮಣ್ಣು ನೀರು ಬಿಟ್ಟರೆ ಏನೂ ಇರಲಿಲ್ಲ.

ಅದಾದ ಮೇಲೆ ಅವಳು ಹೆಚ್ಚು ಮಾತಾಡಲಿಲ್ಲ. ಕಡಲು ತಿಳಿಯಾಗುವ ಮೊದಲೇ ಹೋದಳು. ದೇವರು ಅವಳಿಗೆ ಸುಲಭದ ಸಾವು ಕೊಡಲಿ ಎಂದು ನಾನು ದಿನವೂ ಬೇಡಿದ್ದೆ. ಅಷ್ಟೇನೂ ಸುಲಭವಾಗಿರಲಿಲ್ಲ.

ತಿಂಗಳು ಕಳೆದ ಮೇಲೆ ನಿಧಾನಣ್ಣ ನಮ್ಮ ಜಗಲಿಗೆ ಬಂದು ಕೂತ. ಟೀ ಕೊಟ್ಟೆ. ಅದು ಆರಿ ಕೆನೆ ಕಟ್ಟಿತು.

"ನೀನು ಪ್ರಾರ್ಥನೆ ಮಾಡುವವಳು. ಒಂದು ಕೇಳ್ತೀನಿ, ಹೇಳು. ಅವಳಿಗೆ ಆ ದಿನ ಏನೂ ಕಾಣಲಿಲ್ಲ. ಅದು ನನಗೂ ಗೊತ್ತು, ನಿನಗೂ ಗೊತ್ತು. ಸುಳ್ಳು ಹೇಳಿ ಹೋದಳಲ್ಲ, ದೇವರು ಅದನ್ನ ತಪ್ಪು ಅಂತ ಹಿಡೀತಾನಾ?"

"ಹಿಡಿಯಲ್ಲ ಅಣ್ಣಾ. ನಿನಗೆ ಸಮಾಧಾನ ಆಗಲಿ ಅಂತ ಹೇಳಿದ್ದು ಅದು."

"ಅದೇ ತಪ್ಪಾಗಿದ್ದು ನೋಡು" ಎಂದ ಅವನು. ದನಿ ಏರಲಿಲ್ಲ. "ಏನೂ ಕಾಣಲ್ಲ ಕಣೋ, ನಿನ್ನ ನಾಳೆ ನಾಳೆ ಅನ್ನೋ ಬಾಯಿಗಿಷ್ಟು ಮಣ್ಣು ಹಾಕ ಅಂತ ಬೈದಿದ್ದರೆ ಕೇಳಿಸಿಕೊಂಡು ಅತ್ತುಬಿಡ್ತಿದ್ದೆ. ಬೈಯಲಿಲ್ಲ. ಹೌದು ಅಂತ ನಾನೂ ಸುಳ್ಳು ಹೇಳಿದೆ. ಇಬ್ಬರೂ ಎದುರೆದುರು ಕೂತು ಸುಳ್ಳು ಹೇಳಿಕೊಂಡೆವು. ಅದೇ ಕೊನೆಯ ಮಾತಾಯಿತು."

ಸ್ವಲ್ಪ ಹೊತ್ತಿಗೆ ಅವನ ಮಗಳು ತಮ್ಮ ಬಾಗಿಲಿಗೆ ಬಂದು, "ಅಪ್ಪಾ, ಊಟಕ್ಕೆ ಬನ್ನಿ" ಎಂದಳು. ಅವನು ಥಟ್ಟನೆ ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ಬರಿಗಾಲಲ್ಲಿ ಅವಳ ಹಿಂದೆ ನಡೆದ.