ಗಾಳಿಗೆ ಬಿಟ್ಟ ಎರಡಡಿ

ನಾಲ್ಕು ವರ್ಷಗಳ ಹಿಂದಿನ ಮಾತು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕ ಒಂದು ಫುಟ್‌ಬಾಲ್ ಕ್ರೀಡಾಂಗಣ ಏಳುತ್ತಿತ್ತು. ಅದರ ಗ್ಯಾಲರಿಯ ಚಾವಣಿಗೆ ನಾನು ಸ್ಟ್ರಕ್ಚರಲ್ ಎಂಜಿನಿಯರ್. ಟಿ.ಬಿ. ಡ್ಯಾಂ ಬಳಿಯ ಮನೆಯಿಂದ ಹೊರಟು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗುವ ಹೆಂಗಸು ನಾನು. ಇಂಥವಳಿಗೆ ಎರಡು ಸಾವಿರ ಜನರ ತಲೆಯ ಮೇಲಿನ ತಗಡನ್ನು ಒಪ್ಪಿಸಿದ್ದರು.

ಆಟ ನೋಡುವವರಿಗೆ ಕಂಬ ಅಡ್ಡ ಬರಬಾರದೆಂದು ಚಾವಣಿಯನ್ನು ಕ್ಯಾಂಟಿಲಿವರ್ ಮಾಡಿದ್ದೆ. ಎಂದರೆ ಹಿಂದೆ ಮಾತ್ರ ಕಂಬ, ಮುಂದಕ್ಕೆ ಹನ್ನೆರಡು ಮೀಟರ್ ಚಾಚಿದ ಉಕ್ಕಿನ ತೋಳು. ಇಂಥ ಚಾವಣಿಗೆ ಬೀಳುವ ಭಯಕ್ಕಿಂತ ಹಾರುವ ಭಯ ಹೆಚ್ಚು. ಮೈದಾನದಿಂದ ನುಗ್ಗಿದ ಗಾಳಿ ಒಳಗೆ ಸಿಕ್ಕಿಕೊಂಡರೆ ಚಾವಣಿಯನ್ನೇ ಕೆಳಗಿನಿಂದ ಎತ್ತುತ್ತದೆ. ಗಾಳಿ ಹೊರಹೋಗಲೆಂದೇ ಹಿಂಗೋಡೆಗೂ ಚಾವಣಿಗೂ ನಡುವೆ ಉದ್ದಕ್ಕೂ ಎರಡಡಿ ಸಂದಿ ಬಿಟ್ಟಿದ್ದೆ. ನನ್ನ ಲೆಕ್ಕವೆಲ್ಲ ಆ ಸಂದಿಯನ್ನು ನಂಬಿತ್ತು.

ಉದ್ಘಾಟನೆ ಹತ್ತಿರವಾದಾಗ ಹೋಗಿ ನೋಡಿದರೆ ಸಂದಿಯೇ ಇಲ್ಲ! ತುದಿಯಿಂದ ತುದಿಗೆ ತಗಡು ಹೊಡೆದಿದ್ದರು.

ಕ್ರೀಡಾಂಗಣ ಕಟ್ಟಿಸುತ್ತಿದ್ದ ಸಮಿತಿಯ ಅಧ್ಯಕ್ಷರು ಕಂಪ್ಲಿಯಲ್ಲಿ ರೈಸ್ ಮಿಲ್ ಇಟ್ಟವರು. ಕೇಳಿದ್ದಕ್ಕೆ ನಕ್ಕರು. "ಅದಿರು ಲಾರಿ ಧೂಳು ರೀ ಮೇಡಂ. ಸಂದ್ಯಾಗಿಂದ ಬಂದು ಕುರ್ಚಿ ಎಲ್ಲಾ ಕೆಂಪಗಾಗ್ಯಾವ. ಮಂತ್ರಿಗಳು ಬಿಳಿ ಪ್ಯಾಂಟ್ ಹಾಕ್ಕೊಂಡು ಕುಂತು ಎದ್ರ ಹೆಂಗ ಕಾಣ್ತದ, ನೀವ ಹೇಳ್ರಿ."

"ಗಾಳಿ ಎಲ್ಲಿಗೆ ಹೋಗಬೇಕ್ರಿ?"

"ಬಂದ ದಾರಿಲೇ ಹೋಗ್ಲಿ ಬಿಡ್ರಿ."

ಸುತ್ತಲಿದ್ದವರೆಲ್ಲ ನಕ್ಕರು. ತಗಡು ಬಿಚ್ಚುವವರೆಗೆ ಸುರಕ್ಷತಾ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದೆ. "ಮೇಡಂಗ ಭಾಳ ಅಂಜಿಕಿ" ಎಂದ ಗುತ್ತಿಗೆದಾರ ಬಸವರಾಜ. ನಿಜ, ಅಂಜಿಕೆಯೇ ನನ್ನ ಕಸುಬು. ಆದರೆ ಆ ದಿನ ಸಿಟ್ಟಿನ ಭರದಲ್ಲಿ ಹೆಲ್ಮೆಟ್ ತೆಗೆಯುವುದನ್ನೇ ಮರೆತು, ಅದನ್ನು ತಲೆಯ ಮೇಲೆ ಇಟ್ಟುಕೊಂಡೇ ಮನೆಯವರೆಗೆ ಕಾರು ಓಡಿಸಿದೆ.

ಅದೇ ವಾರ ಒಂದು ಸಂಜೆ, ಮುಂಗಾರಿಗೆ ಮುಂಚಿನ ಬಿರುಗಾಳಿ ಎದ್ದಿತು. ಕ್ರೀಡಾಂಗಣಕ್ಕೆ ಓಡಿದೆ. ಚಾವಣಿ ನಿಂತಿತ್ತು, ಸಂದಿ ಮುಚ್ಚಿದ್ದ ತಗಡುಗಳು ಮಾತ್ರ ಕಿತ್ತು ಹೋಗಿ ರಸ್ತೆಯಾಚೆ ಹೊಲದಲ್ಲಿ ಬಿದ್ದಿದ್ದವು. ನಾಲ್ಕು ಸ್ಕ್ರೂ ಹಾಕಬೇಕಾದಲ್ಲಿ ಬಸವರಾಜ ಒಂದೇ ಹಾಕಿದ್ದ; ತಗಡು ಕಿತ್ತು ಗಾಳಿಗೆ ದಾರಿಯಾಗಿತ್ತು. ಅವನ ಕಳ್ಳಕೆಲಸವೇ ನನ್ನ ಚಾವಣಿಯನ್ನು ಉಳಿಸಿತ್ತು! ಆ ಮನುಷ್ಯನಿಗೆ ಥ್ಯಾಂಕ್ಸ್ ಹೇಳಬೇಕೋ, ಎರಡು ಬಿಗಿಯಬೇಕೋ ತಿಳಿಯಲಿಲ್ಲ.

ಇನ್ನಾದರೂ ಬುದ್ಧಿ ಬಂದೀತು ಎಂದುಕೊಂಡಿದ್ದೆ. ಮರುದಿನ ಅಧ್ಯಕ್ಷರು ನನ್ನೆದುರೇ ಬಸವರಾಜನನ್ನು ಗದರಿದರು: "ಲೇ, ಈ ಸಲ ವೆಲ್ಡಿಂಗ್ ಹೊಡಿ. ಅಲ್ಲಾಡಬಾರ್ದು!"

ಮೈಯೆಲ್ಲ ಉರಿಯಿತು. "ಹೊಡಸ್ರಿ. ಮಂತ್ರಿಗಳ ಬಾಜೂಕ ನಿಮ್ಮ ಮೊಮ್ಮಕ್ಕಳ್ನೂ ಕುಂದ್ರಸ್ರಿ. ಈ ಸಲ ತಗಡು ಹಾರಂಗಿಲ್ಲ, ಚಾವಣಿನ ಹಾರ್ತದ!"

ಅಧ್ಯಕ್ಷರು ರಸ್ತೆಯಾಚೆ ತಿರುಗಿದರು. ಹೊಲದಲ್ಲಿ ಮುದುಡಿ ಬಿದ್ದ ತಗಡುಗಳನ್ನು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಹಂಗಾರ ಕುರ್ಚಿ ಯಾರ್ ಒರಸ್ತಾರ?"

"ನಾನ ಒರಸ್ತೀನಿ."

ಒರೆಸಿದೆ. ಸಂದಿ ತೆರೆದೇ ಉಳಿಯಿತೆಂದು ಪತ್ರಕ್ಕೆ ಸಹಿ ಹಾಕಿ, ಉದ್ಘಾಟನೆಯ ಬೆಳಿಗ್ಗೆ ಬಕೆಟ್ಟು, ಹಸಿ ಬಟ್ಟೆ ಹಿಡಿದು ಹಲ್ಲು ಕಚ್ಚಿಕೊಂಡು ಮಂತ್ರಿಗಳ ಸಾಲನ್ನೆಲ್ಲ ಒರೆಸಿದೆ. ಮಂತ್ರಿಗಳು ಬಂದರು, ಮೈದಾನದಲ್ಲಿ ಚೆಂಡು ಒದ್ದರು, ಒಂದು ನಿಮಿಷವೂ ಕುಳಿತುಕೊಳ್ಳದೆ ಹೋದರು.

ಕಂಬ, ತೊಲೆ ಮುಟ್ಟಲು ಜನ ಹೆದರುತ್ತಾರೆ. ಖಾಲಿ ಜಾಗ ಕಂಡರೆ ಮಾತ್ರ ಯಾರ ಕೈಯೂ ಸುಮ್ಮನಿರುವುದಿಲ್ಲ. ಕಟ್ಟಿದ್ದಕ್ಕಿಂತ ಬಿಟ್ಟದ್ದನ್ನು ಹೆಚ್ಚು ಕಾಯಬೇಕೆಂದು ಈ ಕೆಲಸ ನನಗೆ ಕಲಿಸಿತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಂದಿಗೂ ಆ ರಸ್ತೆಯಲ್ಲಿ ಕಾರು ನಿಲ್ಲಿಸಿ, ಸಂದಿಯಲ್ಲಿ ಆಕಾಶ ಕಾಣುತ್ತದೆಯೇ ಎಂದು ನೋಡುತ್ತೇನೆ. ಕಂಡರೆ ನೆಮ್ಮದಿಯ ಉಸಿರು ಬಿಟ್ಟು ಮುಂದೆ ಹೋಗುತ್ತೇನೆ. ಆಗ ಗ್ಯಾಸ್ ನೆನಪಾಗುತ್ತದೆ.