ಅಪ್ಪನ ಕಾಲಿಗೆ ಯಾರ ಅಪ್ಪಣೆ?

ಚಿಂಗಾಲಾ ಊರಿನಲ್ಲಿ ಎನಿಫಾಳಿಗೆ ಇಲ್ಲ ಎನ್ನುವವರು ಕಡಿಮೆ. ಸಂತೆಯ ಬಾಯಲ್ಲಿ ಮಂದಾಸಿಯೆಂಬ ಸಿಹಿ ಹಿಟ್ಟಿನ ಉಂಡೆ ಕರಿದು ಮಾರುವವಳು ಅವಳು. ಬಿಸಿಲೇರುವ ಹೊತ್ತಿಗೆ ಬುಟ್ಟಿ ಬರಿದು ಮಾಡಿಕೊಂಡು, ಎಣ್ಣೆಯ ಕೈ ತೊಳೆದು, ಹೊಲಕ್ಕೆ ಗುದ್ದಲಿ ಹೊರುತ್ತಿದ್ದಳು. ಗಾಳಿಗೆ ಶಾಲೆಯ ತಗಡು ಹಾರಿಹೋದ ವರ್ಷ, ಹೊಸ ತಗಡು ಬರುವ ತನಕ ಕಚೇರಿಯ ಮೆಟ್ಟಿಲಿಂದ ಏಳುವುದಿಲ್ಲ ಎಂದು ನಾಲ್ಕು ದಿನ ಕೂತಿದ್ದವಳು ಅವಳೇ. ಅಂಥ ಹೆಂಗಸು ಹೆತ್ತ ಅಪ್ಪನ ಮುಂದೆ ಮೂರು ವಾರದಿಂದ ಸೋಲುತ್ತಿದ್ದಳು.

ಅಪ್ಪ ಬಿಲಿಯಾಟಿ ಕಣಜ ಹೆಣೆಯುವವನು. ಸುತ್ತಲ ಹತ್ತು ಊರಿನಲ್ಲಿ ಮೆಕ್ಕೆಜೋಳ ತುಂಬಿ ನಿಂತ ಕಣಜಗಳಲ್ಲಿ ಅರ್ಧ ಅವನ ಕೈಯವು. ಬಿದಿರು ಸೀಳುವಾಗ ಒಂದು ಸಿಬಿರು ಕಾಲಿನ ಹೆಬ್ಬೆರಳ ಬುಡಕ್ಕೆ ಹೊಕ್ಕಿತ್ತು. ಅವನೇ ಹಲ್ಲಿನಲ್ಲಿ ಕಚ್ಚಿ ಎಳೆದ ದಾರದಿಂದ ಕಟ್ಟಿಕೊಂಡ. ಮೊದಲ ವಾರ ಊತ, ಎರಡನೆಯ ವಾರ ಕೀವು, ಮೂರನೆಯ ವಾರ ಹೆಬ್ಬೆರಳೂ ಪಕ್ಕದ್ದೂ ಕೆಂಡ ಆರಿದ ಇದ್ದಿಲಿನ ಹಾಗೆ ಕಪ್ಪಾದವು. ಉಪ್ಪುನೀರಿನಲ್ಲಿ ತೊಳೆಯುವಾಗ ಎನಿಫಾ ಉಸಿರು ಬಿಗಿಹಿಡಿಯುತ್ತಿದ್ದಳು. ಅಪ್ಪ ಮಾತ್ರ, ಬೇರೆಯವರ ಕಾಲು ನೋಡುವ ಹಾಗೆ ನೋಡುತ್ತ, "ಒಣಗ್ತಾ ಬಂತು" ಅನ್ನುತ್ತಿದ್ದ.

ಅವಳ ಕಾಟ ತಡೆಯಲಾರದೆ ಊರ ಸಣ್ಣಾಸ್ಪತ್ರೆಯ ಆರೋಗ್ಯ ಸಹಾಯಕ ಸೈಕಲ್ ಹತ್ತಿ ಮನೆಗೇ ಬಂದ. ಅಪ್ಪನ ಬೆರಳ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು ನೋಡಿದ. ಆಮೇಲೆ ಅವಳನ್ನು ಮಾವಿನಮರದ ಕೆಳಕ್ಕೆ ಕರೆದ.

"ಸಕ್ಕರೆ ಕಾಯಿಲೆ ಅಕ್ಕಾ. ಇದು ನಮ್ಮ ಕೈಲಾಗೋ ಹುಣ್ಣಲ್ಲ. ಜಿಲ್ಲಾಸ್ಪತ್ರೆಗೆ ಸೇರಿಸಬೇಕು. ಮೊದಲು ಬೆರಳು ಹೋಗ್ತದೆ, ಆಮೇಲೆ ಕಾಲು, ಆಮೇಲೆ ಮನುಷ್ಯನೇ ಹೋಗ್ತಾನೆ. ಈ ವಾರ ದಾಟಿಸಬೇಡಿ."

ಚೀಟಿ ಬರೆದುಕೊಟ್ಟು ಹೋದ. ಎನಿಫಾ ಅದನ್ನು ಅಪ್ಪನ ಮುಂದೆ ಹಿಡಿದಳು. ಅಪ್ಪ ಓದಲು ಬಾರದವನು, ಆದರೂ ತುಂಬ ಹೊತ್ತು ನೋಡಿದ.

"ನನ್ನೋರಿಗೆ ತಿಳಿಸಿದ್ದೀಯಾ?"

"ಅವರಿಗೇನು ತಿಳಿಸೋದು ಅಪ್ಪ? ಕಾಲು ನಿಂದು, ನೋವು ನಿಂದು."

"ಹಂಗಲ್ಲ ಮಗಳೇ. ನಾನು ಇಲ್ಲಿಗೆ ಬಂದೋನು. ನನ್ನೋರ ಒಂದು ಮಾತಿಲ್ದೆ ನನ್ನ ಮೈಮೇಲೆ ಕತ್ತರಿ ಆಡಿಸಿ, ನಾಳೆ ಏನಾದ್ರೂ ಆದ್ರೆ? ನಿಮ್ಮಮ್ಮನ ಬಾಗಿಲಿಗೆ ಬಂದು ಕೂರ್ತಾರೆ."

ಮಾತು ಸುಳ್ಳಲ್ಲ. ಬಿಲಿಯಾಟಿ ಮೂವತ್ತೆಂಟು ವರ್ಷದ ಹಿಂದೆ ಮಲಿತಾಳ ಕೈಹಿಡಿದು, ಆ ಸೀಮೆಯ ಎಲ್ಲ ಗಂಡಸರ ಹಾಗೆ ಹೆಂಡತಿಯ ಊರಿಗೆ ಬಂದು ಮನೆ ಕಟ್ಟಿದವನು. ಹೊಲ ಹೆಂಡತಿಯದು, ಮಕ್ಕಳು ಹೆಂಡತಿಯ ಕುಲದವರು. ಅವನ ಮೈ ಮಾತ್ರ ಅವನ ತಾಯಿಯ ಊರಾದ ಕಫುಲಾದವರದು, ಅದರಲ್ಲೂ ತೀರಿಹೋದ ಅಕ್ಕನ ಮಗ ಜೊಫಿಲಿಸಿಯದು. ಮಗಳಾದ ಎನಿಫಾ ಅಪ್ಪನಿಗೆ ಗಂಜಿ ಕುಡಿಸಬಹುದು, ಹುಣ್ಣು ತೊಳೆಯಬಹುದು. ಆಸ್ಪತ್ರೆಗೆ ಸೇರಿಸುವ ಮಾತನ್ನು ಆಡುವವರು ಬೇರೆ.

ಅವಳು ಸೋದರಮಾವ ಚಿಸಾಲೆಯ ಹತ್ತಿರ ಹೋದಳು. ಈ ಮನೆಯ ಹೆಂಗಸರಿಗೆಲ್ಲ ಹಿರಿಯ ಅವನೇ. ಅವನು ಮರದ ನೆರಳಲ್ಲಿ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಮಾವ, ನೀವೊಂದು ಮಾತು ಹೇಳಿದ್ರೆ ಅಪ್ಪ ಗಾಡಿ ಹತ್ತುತ್ತಾನೆ."

"ನಾನೇ? ಅಯ್ಯೋ ತಾಯಿ! ಮೇಲಿನ ಮನೆ ಅಳಿಯ ಆಸ್ಪತ್ರೇಲಿ ಸತ್ತದ್ದು ಮರೆತುಬಿಟ್ಯಾ? ಅವನ ಕಡೆಯೋರು ಬಂದು, ನಮ್ಮ ಹುಡುಗನ್ನ ನಮಗೆ ಹೇಳ್ದೆ ಯಾವ ಕತ್ತಿಗೆ ಕೊಟ್ರಿ ಅಂತ ಮೂರು ದಿನ ಅಂಗಳ ಬಿಟ್ಟು ಕದಲಲಿಲ್ಲ. ಎರಡು ಮೇಕೆ ಕೊಟ್ಟ ಮೇಲೇ ಹೆಣ ಎತ್ತಿದ್ದು."

"ಅಪ್ಪ ಇನ್ನೂ ಸತ್ತಿಲ್ಲ ಮಾವ."

"ಅದಕ್ಕೇ ಹೇಳ್ತಿರೋದು, ಬದುಕಿದ್ದಾಗಲೇ ಹೋಗಿ ತಿಳಿಸು. ಫೋನು ಗೀನು ಮಾಡಬೇಡ. ಇಂಥ ಸುದ್ದಿ ಮುಖ ನೋಡಿ, ಮಂಡಿಯೂರಿ ಹೇಳಬೇಕು." ಒಂದು ಹಿಡಿ ಕಡಲೆಕಾಯಿ ಅವಳ ಕೈಗೆ ಸುರಿದ. "ದಾರಿಗೆ."

ಬಾಡಿಗೆ ಸೈಕಲ್ಲಿನ ಹಿಂದೆ ಕೂತು ಕಫುಲಾ ತಲುಪುವ ಹೊತ್ತಿಗೆ ಅವಳ ಸೊಂಟ ಅವಳ ಮಾತು ಕೇಳುತ್ತಿರಲಿಲ್ಲ. ಜೊಫಿಲಿಸಿ ಇರಲಿಲ್ಲ. ಟೊಮೆಟೊ ಮಾರಲು ಹೋಗಿದ್ದಾನೆ, ಸಂಜೆಗೆ ಬರುತ್ತಾನೆ ಎಂದರು. ಸಂಜೆಗೆ ಬರಲಿಲ್ಲ. ಮರುದಿನ ಹೊತ್ತು ನೆತ್ತಿಗೇರಿದಾಗ ಬಂದ, ಹೊಸ ಹ್ಯಾಟು ಹಾಕಿಕೊಂಡು. ಅವಳಿಗಿಂತ ಆರು ವರ್ಷ ಚಿಕ್ಕವನು. ಅತ್ತೆಯ ಮಗನಾದ್ದರಿಂದ ಚಿಕ್ಕಂದಿನಿಂದ ಗೇಲಿಯ ಸಂಬಂಧ.

"ಓಹೋ ಅತ್ತಿಗೆ! ಗಂಡನ್ನ ಬಿಟ್ಟು ನನ್ನನ್ನ ಕಟ್ಟಿಕೊಳ್ಳೋಕೆ ಬಂದ್ರಾ?"

ಬೇರೆ ದಿನವಾಗಿದ್ದರೆ, ನಿನ್ನ ಹ್ಯಾಟನ್ನ ಕಟ್ಟಿಕೊಂಡೇನು, ನಿನ್ನನ್ನಲ್ಲ ಎಂದಿರುತ್ತಿದ್ದಳು. ಈ ದಿನ ಮಂಡಿಯೂರಿ, ಮರ್ಯಾದೆಗೆ ಅಂಗೈ ತಟ್ಟಿ, ಬಹುವಚನ ಹಾಕಿ ಹೇಳಿದಳು. "ನಿಮ್ಮ ಮಾವನ ಕಾಲು ಕೊಳೀತಾ ಇದೆ. ಜಿಲ್ಲಾಸ್ಪತ್ರೆಗೆ ಸೇರಿಸಬೇಕಂತೆ. ನೀವು ಹ್ಞೂಂ ಅನ್ನಬೇಕು."

ಜೊಫಿಲಿಸಿ ಹ್ಯಾಟು ತೆಗೆದ. ಅವಳಿಗೆ ಅಷ್ಟರಲ್ಲೇ ಸಮಾಧಾನವಾಯಿತು. ಅವನು ಮನೆಯ ಹೆಂಗಸರನ್ನು ಕರೆದು, ತಲೆ ಹತ್ತಿರ ಸೇರಿಸಿ ಮಾತಾಡಿ ಬಂದು, "ನೀವು ನಡೀರಿ. ನಾವು ಬರ್ತೀವಿ" ಅಂದ.

"ಹ್ಞೂಂ ಅಂದ ಹಾಗೆ ತಾನೆ?"

"ಬರ್ತೀವಿ ಅಂದ ಮೇಲೆ ಬರ್ತೀವಿ ಅತ್ತಿಗೆ."

ಬರುತ್ತೇವೆ ಎಂದರೆ ಯಾವುದಕ್ಕೆ ಎಂದು ಅವಳು ಕೇಳಬೇಕಿತ್ತು, ಕೇಳಲಿಲ್ಲ. ಅಪ್ಪಣೆಯೊಂದನ್ನು ತರಲು ಹೋದವಳು ಅಪ್ಪಣೆಯೇ ಸಿಕ್ಕಿತೆಂದುಕೊಂಡಳು. ಕಾಯಿಲೆ ಕೈಮೀರಿದ ಅಳಿಯನನ್ನು ಅವನ ತಾಯಿಯ ಊರಿನವರು ಬಂದು ಒಯ್ಯುವುದು ತಲೆತಲಾಂತರದಿಂದ ನಡೆದುಬಂದದ್ದು. ಅದು ಅವಳಿಗೆ ತಿಳಿಯದ್ದೇನಲ್ಲ. ಬೇರೆಯವರ ಮನೆಯಲ್ಲಿ ನೋಡಿದ್ದಳು. ಆದರೆ ಅಪ್ಪನನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ.

ಎರಡು ದಿನ ಕಳೆದು ಎತ್ತಿನ ಗಾಡಿ ಬಂತು. ಒಳಗೆ ಹುಲ್ಲು, ಹುಲ್ಲಿನ ಮೇಲೆ ಚಾಪೆ. ಜೊಫಿಲಿಸಿಯ ಜತೆ ಅವನ ಇಬ್ಬರು ಅಕ್ಕಂದಿರು. ಅಷ್ಟರಲ್ಲಿ ಕಪ್ಪು ಪಾದದ ಅರ್ಧಕ್ಕೆ ಏರಿತ್ತು. ಅಪ್ಪ ಜ್ವರದಲ್ಲಿ ನಡುಗುತ್ತಿದ್ದ. ಗಾಡಿಯನ್ನು ಕಂಡದ್ದೇ ಅವನ ಮುಖ ಗೋಡೆಯಂತಾಯಿತು.

"ನಮ್ಮ ಮನುಷ್ಯನ್ನ ಕರ್ಕೊಂಡು ಹೋಗ್ತೀವಿ" ಎಂದ ಜೊಫಿಲಿಸಿ, ಎನಿಫಾಳಿಗಲ್ಲ, ಚಿಸಾಲೆಗೆ. "ಊರಲ್ಲಿ ಬೇರು ಕೊಡೋ ಅಜ್ಜ ಒಬ್ಬರಿದ್ದಾರೆ. ಮೊದಲು ಅವರು ನೋಡಲಿ."

"ಆಸ್ಪತ್ರೆಗೆ ಅಂತ ನಾನು ಹೇಳಿದ್ದು!" ಎನಿಫಾ ಕೂಗಿದಳು. "ಬೇರಿಗಲ್ಲ! ಮಂಡಿಯೂರಿ ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ವಾ?"

"ನೀವು ಹೇಳಿದ್ದು ಹೇಳಿದ್ರಿ ಅತ್ತಿಗೆ. ತೀರ್ಮಾನ ನಮ್ಮದು. ನೀವು ಮಗಳು."

ಅವಳು ಚಿಸಾಲೆಯ ಕಡೆ ನೋಡಿದಳು. ಅವನು ಆಕಾಶ ನೋಡಿದ. ಅಮ್ಮನ ಕಡೆ ನೋಡಿದಳು. ಮಲಿತಾ ಗಂಡನ ಎರಡು ಅಂಗಿಗಳನ್ನು ಮಡಚಿ ಬಟ್ಟೆಗಂಟಿಗೆ ಹಾಕುತ್ತಿದ್ದಳು, ಮತ್ತೆ ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ಕೊನೆಗೆ ಅಪ್ಪನ ಕಡೆ ತಿರುಗಿದಳು. "ಒಂದು ಮಾತು ಆಡಪ್ಪ! ನನ್ನ ಹತ್ರ ಮೂರು ವಾರ ಬಾಯಿ ತುಂಬಾ ಆಡಿದ್ಯಲ್ಲ!"

ಅಪ್ಪ ಮಲಿತಾಳ ಕೈಯ ಗಂಟನ್ನೇ ನೋಡುತ್ತಿದ್ದ. ನಾಲ್ಕು ಜನ ಎತ್ತಿ ಗಾಡಿಯಲ್ಲಿ ಮಲಗಿಸಿದರು. ಎನಿಫಾ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು, ಯಾರನ್ನೂ ಕೇಳದೆ ಹತ್ತಿ ಕೂತಳು.

ಗಾಡಿ ಟಾರು ರಸ್ತೆಗೆ ಬಂದು ಸೇರಿತು. ಎಡಕ್ಕೆ ಜಿಲ್ಲಾಸ್ಪತ್ರೆ, ನೇರ ದಾಟಿ ಹೋದರೆ ಕಫುಲಾ. ಬಾಡಿಗೆ ಸೈಕಲ್ಲಿನವರು ನಾಲ್ಕೈದು ಮಂದಿ ಅಲ್ಲಿ ಗಿರಾಕಿ ಕಾಯುತ್ತಿದ್ದರು. ಅಪ್ಪ ತಲೆಯೆತ್ತಿದ.

"ನಿಲ್ಸು."

"ನೀರು ಬೇಕಾ ಮಾವ?"

"ನಾನು ನಿಮ್ಮೂರಿಗೆ ಬರಲ್ಲ."

"ನಮ್ಮೂರಾ? ಅದು ನಿಮ್ಮೂರು ಮಾವ!"

"ಅಲ್ಲಿ ನನ್ನ ಗುರುತಿರೋರೆಲ್ಲ ಸ್ಮಶಾನದಲ್ಲಿದ್ದಾರೆ ಕಣಪ್ಪ. ಬದುಕಿರೋರಿಗೆ ನನ್ನ ಹೆಸರು ಗೊತ್ತು, ಅಷ್ಟೆ. ಆಸ್ಪತ್ರೆ ಯಾರ ಊರೂ ಅಲ್ಲ. ನನ್ನನ್ನ ಅಲ್ಲಿ ಇಳಿಸು."

ಎನಿಫಾಳಿಗೆ ಖುಷಿಯಾಗಬೇಕಿತ್ತು. ಆಗಿದ್ದು ಮೈಯೆಲ್ಲ ಉರಿ. "ಮೂರು ವಾರ ಅಪ್ಪ! ಮೂರು ವಾರದಿಂದ ಆಸ್ಪತ್ರೆಗೆ ಬಾ ಅಂತ ಬಡ್ಕೊಂಡೆ. ನನ್ನೋರು ಅಂದೆ, ಅಪ್ಪಣೆ ಅಂದೆ, ನನ್ನನ್ನ ಕಫುಲಾಕ್ಕೆ ಓಡಿಸಿದೆ. ಈಗ?"

"ಅವನು ಸಿಗಲ್ಲ ಅಂದ್ಕೊಂಡಿದ್ದೆ" ಎಂದ ಅಪ್ಪ, ಗಾಡಿಯ ಗೂಟ ಹಿಡಿದುಕೊಂಡು. "ಟೊಮೆಟೊ ಕಾಲದಲ್ಲಿ ಊರಲ್ಲಿರಲ್ಲ ಅವನು. ತಿಳಿಸೋಕೆ ಹೋಗಿದ್ವಿ, ಸಿಗಲಿಲ್ಲ ಅಂದ್ರೆ ಸಾಕಿತ್ತು. ಒಂದು ಸಲ ಅವನಿಗೆ ಗೊತ್ತಾಯ್ತು ಅಂದ್ರೆ ಈ ಗಾಡಿ ಬರ್ತದೆ ಅಂತ ನಂಗೊತ್ತಿತ್ತು."

"ಅದನ್ನ ನನ್ನ ಹತ್ರ ಹೇಳೋಕೇನಾಗಿತ್ತು?"

"ಮೂವತ್ತೆಂಟು ವರ್ಷ ಅಲ್ಲಿದ್ದು, ನನ್ನನ್ನ ಕಳಿಸಬೇಡಿ ಅಂತ ಬಾಯಿಬಿಟ್ಟು ಕೇಳಬೇಕಾ?"

ಸೈಕಲ್ಲಿನವರು ಹತ್ತಿರ ಬಂದಿದ್ದರು. ಜೊಫಿಲಿಸಿಯ ಹಿರಿಯಕ್ಕ ಬಾಯಿಗೆ ಬಟ್ಟೆ ಹಿಡಿದಿದ್ದಳು, ವಾಸನೆಗೋ ನಾಚಿಕೆಗೋ. ಜೊಫಿಲಿಸಿ ಹ್ಯಾಟು ತಿರುಗಿಸುತ್ತ ನಿಂತ. "ಹಂಗಾದ್ರೆ ಎಲ್ಲರ ಮುಂದೆ ಹೇಳಿ ಮಾವ. ಆಸ್ಪತ್ರೇಲಿ ಏನಾದ್ರೂ ಆದ್ರೆ, ನನ್ನ ಮಾವನ್ನ ನಾನೇ ನಡುದಾರೀಲಿ ಬಿಟ್ಟೆ ಅಂತ ಆಡ್ಕೊಳ್ಳಬಾರದು ಜನ."

ಅಪ್ಪ ಹೇಳಿದ. ಏನೇ ಆದರೂ ಹೊಣೆ ತನ್ನದೇ, ಮಲಿತಾಳ ಮನೆಯವರದೂ ಅಲ್ಲ, ಅಕ್ಕನ ಮಗನದೂ ಅಲ್ಲ ಎಂದು. ಸೈಕಲ್ಲಿನವನೊಬ್ಬ, "ನಾವು ಕೇಳಿಸ್ಕೊಂಡ್ವಿ ತಾತ, ಆದರೆ ನನ್ನ ಸೈಕಲ್ ಮೇಲೆ ಮಾತ್ರ ಬರಬೇಡಿ" ಎಂದ. ಒಂದು ಮಿನಿಬಸ್ಸು ನಿಂತು, ವಾಸನೆ ಬಡಿದು ಮುಂದೆ ಹೋಯಿತು. ಇನ್ನೊಂದು ನಿಲ್ಲಲೇ ಇಲ್ಲ. ಕೊನೆಗೆ ರಾಜಧಾನಿ ಲಿಲೊಂಗ್ವೆಯ ಕಡೆ ಎಲೆಕೋಸು ಒಯ್ಯುವ ಲಾರಿಯವನು ಮೂಟೆಗಳ ಮೇಲೆ ಜಾಗ ಕೊಟ್ಟ. ಅಪ್ಪನನ್ನು ಮೇಲಕ್ಕೆ ಎತ್ತುವಾಗ ತಲೆಯ ಕಡೆ ಹಿಡಿದವನು ಜೊಫಿಲಿಸಿಯೇ.

ಜಿಲ್ಲಾಸ್ಪತ್ರೆಯ ವೈದ್ಯೆ ಚಿಕ್ಕ ವಯಸ್ಸಿನವಳು, ನಿದ್ದೆಗೆಟ್ಟ ಕಣ್ಣಿನವಳು. ಪಟ್ಟಿ ಬಿಚ್ಚಿ ನೋಡಿ, ಚೀಟಿಯ ಮೇಲಿನ ತಾರೀಖು ನೋಡಿ, ಎನಿಫಾಳನ್ನು ನೋಡಿದಳು.

"ಇಷ್ಟು ದಿನ ಎಲ್ಲಿದ್ರಿ? ಇದನ್ನ ಬರೆದುಕೊಟ್ಟ ದಿನವೇ ಬಂದಿದ್ರೆ ಎರಡು ಬೆರಳಲ್ಲಿ ಮುಗೀತಿತ್ತು."

ಎನಿಫಾಳಿಗೆ ಹೇಳಲು ಒಂದು ಗಂಟೆಯ ಕಥೆ ಇತ್ತು. "ದಾರೀಲಿದ್ವಿ" ಎಂದಳು.

ಮೊಣಕಾಲಿನ ಕೆಳಗೆ ಕತ್ತರಿಸಬೇಕು, ಬೆಳಿಗ್ಗೆಯೇ. ಹೆಬ್ಬೆಟ್ಟಿಗಾಗಿ ಕಾಗದ ತಂದರು. ಅಪ್ಪ ಕೈ ಹಿಂದಕ್ಕೆಳೆದುಕೊಂಡ.

"ಒಂಟಿಕಾಲಿನ ಅಳಿಯನ್ನ ಯಾರು ಇಟ್ಕೋತಾರೆ? ನಿನ್ನ ಮಾವನ್ನ ಒಂದು ಮಾತು ಕೇಳು ಮಗಳೇ, ಆಮೇಲೆ—"

"ಕೇಳಲ್ಲ." ಪಕ್ಕದ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ ಅಂದಳು. "ಇನ್ನು ಯಾರನ್ನೂ ಕೇಳಲ್ಲ. ಯಾವ ಊರಿಗೂ ಹೋಗಲ್ಲ. ಯಾರ ಮುಂದೂ ಮಂಡಿಯೂರಲ್ಲ. ಚಿಸಾಲೆ ಮಾವ ಬೇಡ ಅಂದ್ರೆ ನನ್ನ ಮನೇಲಿ ನನ್ನ ಒಲೆ ಪಕ್ಕ ಮಲಗಿರು, ಅವರು ಬಂದು ಎತ್ತಿ ಹಾಕಲಿ ನೋಡೋಣ. ಒತ್ತು."

ಅವನ ಹೆಬ್ಬೆರಳನ್ನು ಅವಳೇ ಶಾಯಿಗೆ ಅದ್ದಲಿಲ್ಲ, ಕಾಯುತ್ತ ನಿಂತಳು. ಅಪ್ಪ ತುಂಬ ಹೊತ್ತು ತೆಗೆದುಕೊಂಡ. ಆಮೇಲೆ ಒತ್ತಿದ.

ಮರುದಿನ ಮಧ್ಯಾಹ್ನ ಅಪ್ಪನಿಗೆ ಎಚ್ಚರವಾಯಿತು. ಜ್ವರ ಇಳಿದಿತ್ತು. ಬದುಕುತ್ತಾರೆ ಎಂದು ವೈದ್ಯೆ ಹೇಳಿ ಹೋಗಿದ್ದಳು. ಎನಿಫಾ ಹೊರಗೆ ಅಡಿಗೆ ಕಟ್ಟೆಯಲ್ಲಿ ತೆಳ್ಳಗೆ ಗಂಜಿ ಕಾಯಿಸಿ ತಂದು ಕೂತಿದ್ದಳು. ಆಗ ಆಸ್ಪತ್ರೆಯ ಆಳು ಬಾಗಿಲಲ್ಲಿ ನಿಂತು ಕೇಳಿದ:

"ಬಿಲಿಯಾಟಿ ಕಡೆಯೋರು ಯಾರು? ಕಾಲು ತಗೊಂಡು ಹೋಗಿ ನೀವೇ ಮಣ್ಣು ಮಾಡ್ತೀರೋ, ನಾವೇ ಗುಂಡಿಗೆ ಹಾಕೋಣವೋ?"

ಎನಿಫಾ ಚಮಚ ಕೆಳಗಿಟ್ಟಳು. ಬಿಲಿಯಾಟಿಯ ಕಾಲು. ಯಾವ ಮಣ್ಣಿಗೆ? ಚಿಂಗಾಲಾದಲ್ಲಿ ಹುಗಿದರೆ ಕಫುಲಾದವರು ಬರುತ್ತಾರೆ, ನಮ್ಮ ಮೈಯನ್ನು ನಿಮ್ಮ ನೆಲದಲ್ಲಿ ಹೇಗೆ ಇಟ್ಟಿರಿ ಎಂದು. ಆಸ್ಪತ್ರೆಯ ಗುಂಡಿಗೆ ಹಾಕಿದರೆ ಎರಡೂ ಊರಿನವರು ಬರುತ್ತಾರೆ. ಅವಳಿಗೆ ನಗು ಬಂತು, ಕೆಟ್ಟ ನಗು, ಕಣ್ಣಲ್ಲಿ ನೀರು ತರಿಸುವಂಥದ್ದು.

"ಕಫುಲಾದೋರಿಗೇ ಕೊಡು" ಎಂದ ಅಪ್ಪ, ಕಣ್ಣು ಮುಚ್ಚಿಕೊಂಡೇ. "ಅವರ ಪಾಲಿಂದು ಅವರು ತಗೊಂಡು ಹೋಗಲಿ. ನಮ್ಮಮ್ಮನ ಗೋರಿ ಪಕ್ಕ ಹಾಕೋಕೆ ಹೇಳು. ಮಿಕ್ಕಿದ್ದು ನಾನು ಕೊಡೋ ತನಕ ಕಾಯಲಿ."

ಅವಳು ವರಾಂಡಕ್ಕೆ ಬಂದು ಜೊಫಿಲಿಸಿಗೆ ಫೋನು ಮಾಡಿದಳು. ಮಂಡಿಯೂರಲಿಲ್ಲ, ಬಹುವಚನವನ್ನೂ ಹಾಕಲಿಲ್ಲ.

"ಕಾಲಾ?" ಎಂದ ಅವನು. ಆಮೇಲೆ, "ಆಯ್ತು ಅತ್ತಿಗೆ, ಅದು ನಮ್ಮದೇ. ಆದ್ರೆ ನಾಳೆ ಸಂತೆ, ನಾಡಿದ್ದು ಟೊಮೆಟೊ ಲೋಡು. ಭಾನುವಾರ ಬರಲಾ?"

"ಇವತ್ತೇ ಬಾ" ಎಂದಳು ಎನಿಫಾ. "ನಿನ್ನ ಮಾವನಷ್ಟು ದಿನ ಕಾಯೋಕೆ ಅದರ ಕೈಲಾಗಲ್ಲ."